ಇಂದ್ರಜಿತುವಿನ ಮಗ ಅಯ್ಯು
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ನನಗೆ ಕೊಟ್ಟಿರುವ ವಿಷಯ ರಂಗಭೂಮಿ ಮತ್ತು ಆರಂಭಕಾಲದ ಸಿನಿಮಾದ ನಟ ಮನೆತನಗಳು. ಮನೆತನ ಅಂದ ಕೂಡಲೇ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ‘ಯಾರ ಮಗ?’ ಅಂತ. ನನ್ನ ಕುತೂಹಲ ಬೇರೆ. ನಟನ ಮಗನಿಗೆ ನಟನಿಂದ ಸಿಗುವುದಾದರೂ ಏನು? ಅಪ್ಪ ಬಿಟ್ಟುಹೋದ ಹೊಲವಾದರೆ ಖಾತೆ ಬದಲಾಯಿಸಿಕೊಂಡರೆ ಆಯಿತು, ಮಾರನೆಯ ದಿನ ಮಗ ಉಳಬಹುದು. ಅಪ್ಪನ ಕಂಠ ಹಾಗೆ ಖಾತೆಯಾಗುವುದಿಲ್ಲ. ಅಪ್ಪನಿಗೆ ಒಲಿದ ಪಾತ್ರಗಳೂ ಆಗುವುದಿಲ್ಲ. ಪ್ರೇಕ್ಷಕ ಬದಲಾಗಿರುತ್ತಾನೆ, ಬೆಳಕು ಬದಲಾಗಿರುತ್ತದೆ, ಮಾತಾಡುವ ಕ್ರಮವೇ ಬದಲಾಗಿರುತ್ತದೆ. ಹಾಗಿದ್ದೂ ಕೆಲವು ಮನೆಗಳಲ್ಲಿ ಮೂರು ತಲೆಮಾರು ನಟನೆ ನಡೆದಿದೆ. ಹೇಗೆ ಅನ್ನುವುದನ್ನು ಒಂದು ಮನೆಯನ್ನು ಇಟ್ಟುಕೊಂಡು ನೋಡೋಣ. ಕನ್ನಡದ ಮೊದಲ ವಾಕ್ಚಿತ್ರದ ನಾಯಕ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಮನೆ. ಅವರ ಮಗ ಲೋಕೇಶ್, ಸೊಸೆ ಗಿರಿಜಾ ಲೋಕೇಶ್, ಮೊಮ್ಮಕ್ಕಳು ಪೂಜಾ ಮತ್ತು ಸೃಜನ್ ಲೋಕೇಶ್.

‘ಅವರು ಮೈಸೂರು ಕಂಪನಿಯವರು, ಹಾಸನಕ್ಕೂ ಅವರಿಗೂ ಏನು ಸಂಬಂಧ?’ ಎಂದು ಕೇಳುವವರಿದ್ದೀರಿ. ಸಂಬಂಧ ಇದೆ, ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಕಂಪನಿ ನಾಟಕ ಅಂದರೆ ಏನಿತ್ತು ಅನ್ನುವುದನ್ನು ಈ ಹಾಸನ ಜಿಲ್ಲೆಯ ನೆಲದ ಮೇಲೆ ನಿಂತೇ ನೋಡಬೇಕು.

1910ರ ದಶಕದಲ್ಲಿ ಮೈಸೂರಿನಿಂದ ಅರಸೀಕೆರೆಗೆ ಮೀಟರ್‌ಗೇಜ್ ರೈಲು ಬಂತು. ಹೊಳೆನರಸೀಪುರ, ಹಾಸನ ಎರಡೂ ಆ ದಾರಿಯಲ್ಲಿದ್ದವು. ನಾಟಕ ಕಂಪನಿಗಳಿಗೆ ಇದು ದೊಡ್ಡ ಅನುಕೂಲ. ಪರದೆಗಳು, ಮರದ ಸೈಡ್‌ವಿಂಗುಗಳು, ಪೆಟ್ಟಿಗೆಗಟ್ಟಲೆ ಉಡುಪು, ಕಾಲು ಹಾರ್ಮೋನಿಯಂ, ಅಡಿಗೆಯ ಹಂಡೆಗಳು, ಕಿರೀಟ, ಗದೆ ಎಲ್ಲವನ್ನೂ ಗೂಡ್ಸಿಗೆ ಹಾಕಿದರೆ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಬಹುದಿತ್ತು. ಅರಕಲಗೂಡಿಗೆ ರೈಲು ಇವತ್ತಿಗೂ ಇಲ್ಲ. ಚನ್ನರಾಯಪಟ್ಟಣಕ್ಕೆ ಬಂದದ್ದು ಈ ಶತಮಾನದಲ್ಲಿ. ಅಲ್ಲಿಗೆ ಹೋಗಬೇಕಾದರೆ ಎತ್ತಿನ ಗಾಡಿ, ಆಮೇಲಾಮೇಲೆ ಲಾರಿ. ಹಾಗಾಗಿ ದೊಡ್ಡ ಕಂಪನಿ ಹಾಸನದಂಥ ಊರಲ್ಲಿ ಕ್ಯಾಂಪು ಹಾಕಿದರೆ ತಿಂಗಳುಗಟ್ಟಲೆ ಕೂರುವುದು, ಚಿಕ್ಕ ಕಂಪನಿಗಳು ಜಾತ್ರೆ ಹಿಡಿದು ಒಳಗಿನ ಊರುಗಳಿಗೆ ನುಗ್ಗುವುದು ಲೆಕ್ಕಾಚಾರದ ಮಾತಾಗಿತ್ತು. ಷಷ್ಠಿಗೆ ರಾಮನಾಥಪುರದ ಜಾತ್ರೆ, ಚನ್ನರಾಯಪಟ್ಟಣದ ಕಡೆ ಬೂಕನಬೆಟ್ಟದ ದನಗಳ ಜಾತ್ರೆ. ಎತ್ತು ಮಾರಿದ ದುಡ್ಡು ಸೊಂಟದಲ್ಲಿರುವ ರಾತ್ರಿ ರೈತ ನಾಟಕದ ಟಿಕೆಟ್ಟಿಗೆ ಹಿಂದೆಮುಂದೆ ನೋಡುವುದಿಲ್ಲ ಅನ್ನುವುದು ಕಂಪನಿ ಮ್ಯಾನೇಜರುಗಳಿಗೆ ಗೊತ್ತಿದ್ದ ಅರ್ಥಶಾಸ್ತ್ರ.

ಹಗಲು ಊರೊಳಗೆ ಗಾಡಿ ಕಟ್ಟಿ, ಬ್ಯಾಂಡು ಬಾರಿಸುತ್ತ ಹ್ಯಾಂಡ್‌ಬಿಲ್ ಹಂಚುವುದು. ರಾತ್ರಿ ನೆಲ, ಬೆಂಚು, ಕುರ್ಚಿ. ಮೈಕು ಬರುವ ಮುಂಚೆ ನಟನ ಬಂಡವಾಳವೆಲ್ಲ ಗಂಟಲು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಆ ಎತ್ತರಕ್ಕೆ ಏರಿ, ನೆಲದ ಕೊನೆಯಲ್ಲಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತ ಹೆಂಗಸಿಗೂ ಸಾಹಿತ್ಯ ಬಿಡಿಸಿ ಕೇಳುವಂತೆ ಹಾಡಬೇಕು. ಚೆನ್ನಾಗಿದ್ದರೆ ಒನ್ಸ್ ಮೋರ್. ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಮತ್ತೊಂದು ಸಲ ಹಾಡಿ ಸಾಯುತ್ತಿತ್ತು ಅನ್ನುವ ತಮಾಷೆಯನ್ನು ನೀವೆಲ್ಲ ಕೇಳಿದ್ದೀರಿ. ನಗಬೇಕಾದ್ದೇ. ಆದರೆ ಅದರ ಹಿಂದಿನ ಶ್ರಮ ನಗುವಂಥದ್ದಲ್ಲ. ಅರದಾಳ, ಸಫೇತ ಬಳಿದ ಮುಖದಲ್ಲಿ ದೀಪದ ಶಾಖಕ್ಕೆ ಬೆವರಿಳಿಯುತ್ತಿರುವಾಗ ಬೆಳಗಿನ ಜಾವದವರೆಗೆ ಶ್ರುತಿ ಬಿಡದೆ ನಿಲ್ಲುವುದು ಕುಸ್ತಿಯಷ್ಟೇ ಮೈಯ ಕೆಲಸ.

ಕಂಪನಿಯೇ ಮನೆ ಅನ್ನುವುದು ಆಗ ಅಲಂಕಾರದ ಮಾತಾಗಿರಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ, ಮದುವೆ ಅಲ್ಲೇ, ಬಾಣಂತನವೂ ಅಲ್ಲೇ. ಹುಟ್ಟಿದ ಮಗು ನಡೆಯಲು ಕಲಿಯುವ ಮೊದಲೇ ಕೃಷ್ಣನಾಗಿ ತೊಟ್ಟಿಲಲ್ಲಿ ರಂಗಕ್ಕೆ ಬರುತ್ತಿತ್ತು. ಸ್ವಲ್ಪ ದೊಡ್ಡದಾದರೆ ಲೋಹಿತಾಶ್ವ, ಧ್ರುವ, ಪ್ರಹ್ಲಾದ. ನಮ್ಮ ಪುರಾಣಗಳಲ್ಲಿ ಇಷ್ಟೊಂದು ಬಾಲಪಾತ್ರಗಳು ಇರುವುದಕ್ಕೆ ಕಂಪನಿ ಮಾಲೀಕರು ಋಣಿಗಳಾಗಿರಬೇಕು. ಪ್ರಾಂಪ್ಟರ್ ಪಕ್ಕದಲ್ಲಿ ಕೂತ ಹುಡುಗನಿಗೆ ಎಲ್ಲರ ಮಾತೂ ಬಾಯಿಪಾಠ. ಯಾರಿಗೋ ಜ್ವರ ಬಂದ ರಾತ್ರಿ ಅವನಿಗೆ ಬಣ್ಣ. ಶಾಲೆ ಅಂದರೆ ಅದೇ.

ಹಾಗಾಗಿ ಈ ಶಾಲೆಯಲ್ಲಿ ಮಾಲೀಕನ ಮಗನಿಗೂ ಎಲ್ಲಿಂದಲೋ ಬಂದು ಸೇರಿದ ಹುಡುಗನಿಗೂ ಕಲಿಕೆ ಒಂದೇ. ಈ ಜಿಲ್ಲೆಯವರೇ ಆದ ಟಿ.ಎನ್. ಬಾಲಕೃಷ್ಣ ಅವರನ್ನು ನೋಡಿ. 1911ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದವರು. ಕಡು ಬಡತನ. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಯಾವ ನಟ ಮನೆತನವೂ ಅವರ ಬೆನ್ನಿಗಿರಲಿಲ್ಲ. ಸಾಕಿ ಬೆಳೆಸಿದ್ದು ಕಂಪನಿ. ಎದುರಿನ ನಟನ ತುಟಿ ನೋಡಿ ತನ್ನ ಮಾತಿನ ಸರದಿ ಹಿಡಿಯುತ್ತಿದ್ದ ಆ ಮನುಷ್ಯ ಕನ್ನಡ ಸಿನಿಮಾದಲ್ಲಿ ಮಾತಿನ ಸಮಯಪ್ರಜ್ಞೆಗೆ ಹೆಸರಾದರು. ರಕ್ತದಲ್ಲಿ ನಟನೆ ಬರುತ್ತದೆ ಅನ್ನುವವರಿಗೆ ಕೊಡಬಹುದಾದ ಉತ್ತರ ಅರಸೀಕೆರೆ ಜಂಕ್ಷನ್ನಿನಲ್ಲೇ ಇದೆ.

ಈಗ ಸುಬ್ಬಯ್ಯ ನಾಯ್ಡು ಅವರಿಗೆ ಬರೋಣ.

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ಅವರ ಸಂಸ್ಥೆ ಸೌತ್ ಇಂಡಿಯಾ ಮೂವಿಟೋನ್. ನಿರ್ದೇಶಕ ವೈ.ವಿ. ರಾವ್. ಬೆಂಗಳೂರಿನಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇಲ್ಲದ್ದರಿಂದ ತಂಡ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ಗೆ ಹೋಯಿತು. ಖರ್ಚು ಸುಮಾರು 40,000 ರೂಪಾಯಿ ಎಂದು ಹೇಳುತ್ತಾರೆ. ಕಥೆ, ಸಂಭಾಷಣೆ, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ರಾವಣ ಆರ್. ನಾಗೇಂದ್ರರಾಯರು, ಸಂಗೀತವೂ ಅವರದೇ. ಮಂಡೋದರಿ ಲಕ್ಷ್ಮೀಬಾಯಿ. ಸುಲೋಚನೆ ತ್ರಿಪುರಾಂಬ. ಇಂದ್ರಜಿತು ಸುಬ್ಬಯ್ಯ ನಾಯ್ಡು.

ಗಮನಿಸಬೇಕಾದ್ದು, ಕನ್ನಡದ ಮೊದಲ ಟಾಕಿಗೆ ಮುಖ ಕೊಟ್ಟವರೂ ಮಾತು ಕೊಟ್ಟವರೂ ರಂಗಭೂಮಿಯವರು. ಹೊಸ ಕಲೆಗೆ ಹೊಸ ಮುಖ ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕಾರಣ ಸರಳ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮರಾ ತಿರುಗುತ್ತಿರುವಾಗಲೇ ನಟ ಮಾತಾಡಬೇಕು, ನಿಂತಲ್ಲೇ ಹಾಡಬೇಕು, ಅದೇ ಧ್ವನಿ ಫಿಲ್ಮಿನ ಮೇಲೆ ಇಳಿಯಬೇಕು. ಅಂಥವರು ಸಿಗುತ್ತಿದ್ದದ್ದು ಕಂಪನಿಗಳಲ್ಲಿ ಮಾತ್ರ. ಅದರ ಜೊತೆಗೆ ಕಂಪನಿಯ ನಡಿಗೆ, ಕೈ ಎತ್ತುವ ರೀತಿ, ಸಾಲಿನ ಕೊನೆಯನ್ನು ಎಳೆಯುವ ಪದ್ಧತಿ ಎಲ್ಲವೂ ಸಿನಿಮಾದೊಳಗೆ ಬಂದವು. ನಮ್ಮ ಸಿನಿಮಾ 20 ವರ್ಷ ನಾಟಕದ ಉಡುಪಿನಲ್ಲೇ ಓಡಾಡಿತು ಎಂದು ವಿಮರ್ಶಕರು ಬೈಯುತ್ತಾರೆ. ಬೇರೆ ಉಡುಪು ಅದಕ್ಕೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕಲ್ಲ.

‘ಸತಿ ಸುಲೋಚನ’ದ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ಇಂದ್ರಜಿತು ಹೇಗೆ ನಿಂತ, ಹೇಗೆ ಹಾಡಿದ ಅನ್ನುವುದನ್ನು ನಾವು ಇನ್ನೆಂದೂ ನೋಡಲಾರೆವು. ಕನ್ನಡದ ಮೊದಲ ನಾಯಕಿ ತ್ರಿಪುರಾಂಬ ಅವರ ಹೆಸರು ಈಗ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ. ನಟರ ಮನೆತನ ಬರೆಯುವಾಗ ಅಪ್ಪನಿಂದ ಮಗನಿಗೆ ಗೆರೆ ಎಳೆಯುವುದು ನಮಗೆ ಅಭ್ಯಾಸ. ನಟಿಯರ ಗೆರೆ ಮೊದಲ ಸಾಲಿನಲ್ಲೇ ಅಳಿಸಿಹೋಗುತ್ತದೆ. ಗುಬ್ಬಿ ಕಂಪನಿ ಇದಕ್ಕೊಂದು ಅಪವಾದ. ಅಲ್ಲಿ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರ ಜೊತೆ ಸುಂದರಮ್ಮ, ಬಿ. ಜಯಮ್ಮ ದೊಡ್ಡ ಹೆಸರುಗಳು. ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮ ನಟಿ. ಮಾಲತಮ್ಮನವರ ಮಗಳು ಬಿ. ಜಯಶ್ರೀ. ಆ ಮನೆಯಲ್ಲಿ ರಂಗಭೂಮಿ ಹೆಣ್ಣುಮಕ್ಕಳ ಕೈಯಿಂದ ಕೈಗೆ ಬಂತು. ತೆರೆದ ಕಂಠದಲ್ಲಿ, ಮೈಕಿನ ಹಂಗಿಲ್ಲದೆ ಜಯಶ್ರೀ ಹಾಡುವುದನ್ನು ಕೇಳಿದವರಿಗೆ ಕಂಪನಿಯ ಕಂಠ ಹೇಗಿತ್ತು ಅನ್ನುವುದರ ಅಂದಾಜು ಸಿಗುತ್ತದೆ.

ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರು ಸೇರಿ ನಡೆಸಿದ್ದು ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ. ಈ ಜೋಡಿಯ ಮೇಲೆ ಮದ್ರಾಸಿನ ಚಿತ್ರ ನಿರ್ಮಾಪಕ ಎ.ವಿ. ಮೇಯಪ್ಪ ಚೆಟ್ಟಿಯಾರರ ಕಣ್ಣು ಬಿತ್ತು. 1940ರ ತೆಲುಗು ‘ಭೂಕೈಲಾಸ್’ನಲ್ಲಿ ನಾಯ್ಡು ಅವರು ರಾವಣ, ರಾಯರು ನಾರದ. 1941ರಲ್ಲಿ ‘ವಸಂತಸೇನಾ’. ಅದರಲ್ಲಿ ಚಾರುದತ್ತ ನಾಯ್ಡು, ಶಕಾರ ರಾಯರು. 1943ರಲ್ಲಿ ರಾಯರ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’, ಹರಿಶ್ಚಂದ್ರ ನಾಯ್ಡು ಅವರು. ಈ ಚಿತ್ರಕ್ಕೆ ತಮಿಳು ಧ್ವನಿ ಕೂಡಿಸಿ ಮೇಯಪ್ಪನವರು 1944ರಲ್ಲಿ ಬಿಡುಗಡೆ ಮಾಡಿದರು. ಭಾರತದಲ್ಲಿ ಡಬ್ ಆದ ಮೊದಲ ಚಿತ್ರ ಎಂದು ಇದನ್ನು ಹೇಳುವುದುಂಟು. ಆಮೇಲೆ ದಶಕಗಳ ಕಾಲ ಡಬ್ಬಿಂಗ್ ಬೇಡ ಎಂದು ನಾವು ಹೋರಾಟ ಮಾಡಿದೆವು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ, ಆದರೆ ಮೊದಲು ಗಡಿ ದಾಟಿದ್ದು ನಮ್ಮ ಹರಿಶ್ಚಂದ್ರನೇ ಅನ್ನುವುದು ನೆನಪಿರಲಿ. 1947ರಲ್ಲಿ ‘ಮಹಾತ್ಮ ಕಬೀರ್’, ಅದರಲ್ಲೂ ಇದೇ ಜೋಡಿ.

ಸಿನಿಮಾ ಮಾಡಿ ಬಂದವರು ಕಂಪನಿ ಮುಚ್ಚಲಿಲ್ಲ ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಆಗ ಚಿತ್ರವೆಂದರೆ ವರ್ಷಕ್ಕೊಂದು ಬಂದರೆ ಹೆಚ್ಚು. ಅನ್ನ ಕೊಡುತ್ತಿದ್ದದ್ದು ನಾಟಕ. 50ರ ದಶಕದ ಆರಂಭದಲ್ಲಿ ನಾಯ್ಡು ಅವರ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಕ್ಕಳು ಮುತ್ತುರಾಜ, ವರದರಾಜ ಇದ್ದರು. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಆ ಹುಡುಗರ ಪಾತ್ರಗಳನ್ನು ನಾಯ್ಡು ಅವರ ಕಂಪನಿಯಲ್ಲಿ ನೋಡಿದ್ದರು. 1954ರ ‘ಬೇಡರ ಕಣ್ಣಪ್ಪ’ಕ್ಕೆ ಮುತ್ತುರಾಜನನ್ನು ಆರಿಸಿದರು, ರಾಜಕುಮಾರ್ ಎಂಬ ಹೆಸರೂ ಆಗಲೇ ಬಂತು. ಮುಂದೆ 1958ರ ಕನ್ನಡ ‘ಭೂಕೈಲಾಸ’ದಲ್ಲಿ ರಾವಣನಾದವರು, 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನಾದವರು ಇದೇ ರಾಜಕುಮಾರ್. ಸುಬ್ಬಯ್ಯ ನಾಯ್ಡು ಪರದೆಯ ಮೇಲೆ ಮಾಡಿದ ಎರಡು ದೊಡ್ಡ ಪಾತ್ರಗಳು ಮಗನಿಗೆ ಹೋಗಲಿಲ್ಲ. ಕಂಪನಿಯಲ್ಲಿ ಸಂಬಳಕ್ಕಿದ್ದ ಹುಡುಗನಿಗೆ ಹೋದವು. ಪಾತ್ರಗಳ ಮಟ್ಟಿಗೆ ಹೇಳುವುದಾದರೆ ನಾಯ್ಡು ಅವರ ವಾರಸುದಾರ ರಾಜಕುಮಾರ್.

ಮಗನಿಗೆ ಏನು ಸಿಕ್ಕಿತು?

ಲೋಕೇಶ್ ಹುಟ್ಟಿದ್ದು 1947ರ ಮೇ 19ರಂದು. 1958ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಬಾಲನಟ. 1962ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ 15. ಅಷ್ಟು ಹೊತ್ತಿಗೆ ಕಂಪನಿ ನಾಟಕಗಳ ಉಸಿರೂ ಕುಂದುತ್ತಿತ್ತು. ಟೂರಿಂಗ್ ಟಾಕೀಸುಗಳು ಹೋಬಳಿ ಹೋಬಳಿಗೂ ಬಂದಿದ್ದವು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರನ್ನೂ ಟೆಂಟಿನಲ್ಲಿ ಕಾಣುವಾಗ ಕಂಪನಿಗೆ ಹೆಚ್ಚು ದುಡ್ಡು ಕೊಟ್ಟು ಹೋಗುವವರು ಕಡಿಮೆಯಾದರು. ಕಂಪನಿ ತಾನೇ ಬೆಳೆಸಿದ ಮಕ್ಕಳ ಎದುರು ಸೋತಿತು.

ಹಾಗಾಗಿ ಲೋಕೇಶ್ ದೊಡ್ಡವರಾಗಿ ರಂಗಕ್ಕೆ ಬಂದಾಗ ಆ ರಂಗ ಅಪ್ಪನದ್ದಾಗಿರಲಿಲ್ಲ. ಬೆಂಗಳೂರಿನ ಹವ್ಯಾಸಿ ತಂಡಗಳು, ರವೀಂದ್ರ ಕಲಾಕ್ಷೇತ್ರ, ಹಗಲು ಆಫೀಸು, ಸಂಜೆ ರಿಹರ್ಸಲ್ಲು ಮಾಡುವ ಗೆಳೆಯರು. ಸಿ.ಆರ್. ಸಿಂಹ ಮತ್ತು ಗೆಳೆಯರ ‘ನಟರಂಗ’ದಲ್ಲಿ ಮಾಸ್ತಿಯವರ ‘ಕಾಕನಕೋಟೆ’ ಆಡಿದಾಗ ಲೋಕೇಶ್ ಕಾಚನಾದರು. 1977ರಲ್ಲಿ ಅದು ಸಿನಿಮಾ ಆದಾಗಲೂ ಕಾಚ ಅವರೇ. ಅಪ್ಪನದ್ದು ಕಿರೀಟ ಇಟ್ಟ ತಲೆ, ಮಗನದ್ದು ಕಾಡುಕುರುಬರ ಹಿರಿಯನ ವೇಷ. ಆ ಹೊತ್ತಿನ ಹವ್ಯಾಸಿ ರಂಗಭೂಮಿಯವರು ಕಂಪನಿ ಶೈಲಿಯನ್ನು ಗೇಲಿ ಮಾಡುವುದನ್ನೇ ಆಧುನಿಕತೆ ಅಂದುಕೊಂಡಿದ್ದರು. ಕಂಪನಿಯ ಮನೆಯಿಂದಲೇ ಬಂದ ಹುಡುಗ ಅವರ ನಡುವೆ ನಿಂತು ಎರಡನ್ನೂ ಬಿಟ್ಟುಕೊಡದೆ ಕಲಿತ. ಅದು ಸುಲಭದ ಕೆಲಸವಾಗಿರಲಿಲ್ಲ.

1973ರಲ್ಲಿ ಗಿರೀಶ ಕಾರ್ನಾಡರ ‘ಕಾಡು’. ಲೋಕೇಶ್ ಶಿವಗಂಗ. ಮುಂದಿನ ವರ್ಷ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’. ಹಾಸನಕ್ಕೂ ಈ ಮನೆತನಕ್ಕೂ ಏನು ಸಂಬಂಧ ಅಂದಿರಲ್ಲ, ಇದೇ ಆ ಸಂಬಂಧ. ಇಲ್ಲಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಹೇಮಾವತಿ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಬರೆದ ಕಥೆ ಅದು. ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಕಡೆಯ ಕಳಸಾಪುರದಲ್ಲಿ. ಆದರೆ ಅಯ್ಯುವಿನ ಜಗಳಗಂಟತನ, ಕೋರ್ಟು ಕಚೇರಿಯ ಹುಚ್ಚು, ಒಂದು ಬದುವಿಗಾಗಿ ಮನೆ ಕಳೆದುಕೊಳ್ಳುವ ಹಟ ಇವೆಲ್ಲ ನಮ್ಮ ಹೊಳೆಸಾಲಿನ ಸರಕು. ಗೊರೂರರು ನಮ್ಮನ್ನು ನೋಡಿಯೇ ಬರೆದದ್ದು. ತೆರೆಯ ಮೇಲೆ ನೋಡಿದಾಗ ಹಾಸನದವರಿಗೆ ನಗು ಬಂದದ್ದು ಗುರುತು ಸಿಕ್ಕಿದ್ದರಿಂದ.

ಆ ಪಾತ್ರವನ್ನು ಲೋಕೇಶ್ ಹೇಗೆ ಮಾಡಿದರು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಪ್ಪ ಭೂತಯ್ಯನಾಗಿ ಎಂ.ಪಿ. ಶಂಕರ್ ಊರನ್ನೇ ಹೆದರಿಸುವ ಗಾತ್ರ, ಗಂಟಲು. ಎದುರು ಗುಳ್ಳನಾಗಿ ವಿಷ್ಣುವರ್ಧನ್, ಬೆಂಕಿಯಂಥ ಹುಡುಗ. ಒಂದೇ ಒಂದು ಉಪ್ಪಿನಕಾಯಿ ಪ್ರಸಂಗದಲ್ಲಿ ಲೋಕನಾಥ್ ಜೀವಮಾನಕ್ಕಾಗುವಷ್ಟು ಹೆಸರು ತೆಗೆದುಕೊಂಡು ಹೋದರು, ಅಲ್ಲಿಂದ ಮುಂದೆ ಅವರು ಉಪ್ಪಿನಕಾಯಿ ಲೋಕನಾಥ್. ಇಂಥವರ ನಡುವೆ ಅಯ್ಯುವಿನ ಪಾತ್ರ ಕಷ್ಟದ್ದು. ಮೊದಲ ಭಾಗದಲ್ಲಿ ಅವನನ್ನು ಕಂಡರೆ ಆಗುವುದಿಲ್ಲ, ಕೊನೆಗೆ ಅವನಿಗಾಗಿ ಕಣ್ಣು ಒದ್ದೆಯಾಗಬೇಕು. ನಾಯಕನೂ ಅವನೇ, ಖಳನೂ ಅವನೇ. ಭೂತಯ್ಯ ಸತ್ತಾಗ ಹೆಣ ಎತ್ತುವುದಕ್ಕೆ ಊರಿನ ಒಬ್ಬ ಮನುಷ್ಯನೂ ಬರುವುದಿಲ್ಲ. ಕಂಪನಿ ನಾಟಕದಲ್ಲಾಗಿದ್ದರೆ ಅಲ್ಲಿ ಒಂದು ಹಾಡು ಬರುತ್ತಿತ್ತು, ಅದಕ್ಕೆ ಒನ್ಸ್ ಮೋರ್ ಕೂಡ ಬೀಳುತ್ತಿತ್ತು. ಲೋಕೇಶ್ ಅಲ್ಲಿ ಗಂಟಲನ್ನು ಕೆಳಗಿಳಿಸಿ ಮೈಯಿಂದ ಕೆಲಸ ತೆಗೆದಿದ್ದಾರೆ. ಸಿಟ್ಟು, ಅವಮಾನ, ಅನಾಥಭಾವ ಮೂರೂ ಒಟ್ಟಿಗೆ ಇರುವ ಮುಖ ಅದು. ಆಮೇಲಿನ ದ್ವೇಷವೆಲ್ಲ ಆ ಮುಖದಿಂದಲೇ ಹುಟ್ಟುತ್ತದೆ ಅನ್ನುವುದು ನೋಡುವವರಿಗೆ ಹೇಳದೆ ತಿಳಿಯುತ್ತದೆ.

ಹಾಗೆಂದು ಅಪ್ಪನ ಕಂಪನಿ ಅಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಉದ್ದ ಮಾತನ್ನು ಉಸಿರು ಮುರಿಯದೆ ಹೇಳುವುದು, ಎದುರಿನವರ ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ ತಿರುಗುವುದು, ತನಗೆ ಮಾತಿಲ್ಲದಾಗ ಸುಮ್ಮನೆ ನಿಂತು ಬೇರೆಯವರ ಪಾತ್ರಕ್ಕೆ ಜಾಗ ಬಿಡುವುದು ಇವೆಲ್ಲ ಸಿನಿಮಾದಲ್ಲಿ ಕಲಿಯುವಂಥದ್ದಲ್ಲ. ಅಪ್ಪನ ಧಾಟಿಯನ್ನು ಬಿಟ್ಟರು, ಅಪ್ಪನ ಶಿಸ್ತನ್ನು ಇಟ್ಟುಕೊಂಡರು. ಈ ಉಪನ್ಯಾಸದಲ್ಲಿ ನನಗೆ ಹೇಳಬೇಕಾಗಿರುವುದು ಇದೊಂದೇ. ನಟ ಮನೆತನ ಉಳಿಯುವುದು ಹಿಂದಿನವರನ್ನು ಅನುಕರಿಸದ ಮಗ ಹುಟ್ಟಿದಾಗ. ಅನುಕರಿಸುವ ಮಕ್ಕಳು ಎರಡು ಚಿತ್ರ ಮಾಡಿ ಮರೆಯಾಗಿರುವ ಉದಾಹರಣೆಗಳು ಬೇಕಾದಷ್ಟಿವೆ. ಹೆಸರು ಹೇಳುವುದು ಬೇಡ, ನಿಮಗೂ ಗೊತ್ತು.

ಅಯ್ಯುವಿನ ನಂತರ ಲೋಕೇಶ್ ಆರಿಸಿಕೊಂಡ ಪಾತ್ರಗಳನ್ನು ಸಾಲಾಗಿ ಇಟ್ಟರೆ ಅವರ ಹಟ ಕಾಣುತ್ತದೆ. 1978ರ ‘ಪರಸಂಗದ ಗೆಂಡೆತಿಮ್ಮ’, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಪೇಟೆಯ ಸಾಮಾನನ್ನು ಹಳ್ಳಿ ಹಳ್ಳಿಗೆ ಹೊತ್ತು ಮಾರುವ ಮುಗ್ಧ. 1980ರ ‘ಎಲ್ಲಿಂದಲೋ ಬಂದವರು’, ಲಂಕೇಶರ ಚಿತ್ರ. 1983ರ ‘ಬ್ಯಾಂಕರ್ ಮಾರ್ಗಯ್ಯ’, ಆರ್.ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿದ ನಾಗಾಭರಣರ ಚಿತ್ರ. ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ಬರೆದುಕೊಡುವವನು. ಆಮೇಲೆ ಆಲನಹಳ್ಳಿಯವರದೇ ‘ಭುಜಂಗಯ್ಯನ ದಶಾವತಾರ’, ಅದನ್ನು ಲೋಕೇಶ್ ಅವರೇ ನಿರ್ದೇಶಿಸಿದರು. ಗಿರಿಜಾ ಲೋಕೇಶ್ ಕೂಡ ಅದರಲ್ಲಿದ್ದರು. ಬೀದಿ ವ್ಯಾಪಾರಿ, ಬಡ್ಡಿ ವ್ಯವಹಾರದವನು, ಒಂದೂರಿನಲ್ಲಿ ನಿಲ್ಲದವನು. ಒಬ್ಬನಿಗೂ ಕಿರೀಟವಿಲ್ಲ. ದೇವರು ಮತ್ತು ರಾಕ್ಷಸರ ಪಾತ್ರ ಮಾಡಿದವರ ಮಗ ಪೂರಾ ಮನುಷ್ಯರನ್ನೇ ಮಾಡಿದರು. 2004ರ ಅಕ್ಟೋಬರ್ 14ರಂದು ತೀರಿಕೊಂಡಾಗ ಅವರಿಗೆ 57.

ಗಿರಿಜಾ ಲೋಕೇಶ್ ಅವರನ್ನು ಈ ಮನೆಗೆ ‘ಸೊಸೆ’ ಎಂದು ಮಾತ್ರ ಸೇರಿಸಿದರೆ ನಾನು ಆಗಲೇ ಬೈದ ತಪ್ಪನ್ನೇ ನಾನೂ ಮಾಡಿದಂತಾಗುತ್ತದೆ. ಎನ್. ಲಕ್ಷ್ಮೀನಾರಾಯಣರ ‘ಅಬಚೂರಿನ ಪೋಸ್ಟಾಫೀಸು’ 1973ರದು. ಅದರಲ್ಲಿದ್ದ ಆ ನಟಿ ಇವತ್ತೂ ಕಿರುತೆರೆ, ಹಿರಿತೆರೆ ಎರಡರಲ್ಲೂ ಪಾತ್ರ ಮಾಡುತ್ತಾರೆ. ಮನೆಯಲ್ಲಿ ರಿಹರ್ಸಲ್ಲಿನ ವಾತಾವರಣ ಉಳಿದದ್ದು ಅವರಿಂದಲೂ ಹೌದು. ಪೂಜಾ ಲೋಕೇಶ್ ಸಿನಿಮಾ, ಧಾರಾವಾಹಿ ಎರಡರಲ್ಲೂ ನಟಿ. ಸೃಜನ್ ಲೋಕೇಶ್ 2015ರಿಂದ ಕಲರ್ಸ್ ಕನ್ನಡದಲ್ಲಿ ನಡೆಸಿದ ‘ಮಜಾ ಟಾಕೀಸ್’ ಮನೆಮಾತಾಯಿತು. ಆ ಕಾರ್ಯಕ್ರಮದ ಹಾಸ್ಯವನ್ನು ಒಪ್ಪದವರು ಇದ್ದಾರೆ, ಎಲ್ಲ ವಾರವೂ ನನಗೂ ಹಿಡಿಸುತ್ತಿರಲಿಲ್ಲ. ಆದರೆ ಅದರ ಕಟ್ಟನ್ನು ನೋಡಿ. ಒಂದು ಸ್ಥಿರ ರಂಗಸಜ್ಜಿಕೆ. ಎದುರಿಗೆ ಕೂತ ಜನ. ಪಕ್ಕದಲ್ಲಿ ವಾದ್ಯದವರು. ವಾರ ವಾರ ಅದೇ ತಂಡ, ಅವರವರಿಗೆ ಖಾಯಂ ಪಾತ್ರ. ಜನ ನಗುವುದನ್ನು ಕಾದು ಮುಂದಿನ ಮಾತು. ಮಗ ಬಿಟ್ಟಿದ್ದನ್ನು ಮೊಮ್ಮಗ ಟೀವಿಯಲ್ಲಿ ಎತ್ತಿಕೊಂಡಿದ್ದಾರೆ. ಅದು ಕಂಪನಿಯೇ, ಕ್ಯಾಂಪು ಮಾತ್ರ ಸ್ಟುಡಿಯೋದಲ್ಲಿ.

ನಾಗೇಂದ್ರರಾಯರ ಮನೆಯ ಕಥೆ ಇನ್ನೊಂದು ಬಗೆ. ಹೊಳಲ್ಕೆರೆಯಲ್ಲಿ ಹುಟ್ಟಿದ ಅವರು ನಟ, ಗಾಯಕ, ನಿರ್ದೇಶಕ, ನಿರ್ಮಾಪಕ ಎಲ್ಲವೂ ಆಗಿದ್ದರು. ಮಕ್ಕಳು ಅಪ್ಪನ ಕೆಲಸವನ್ನು ಹಂಚಿಕೊಂಡರು. ಆರ್.ಎನ್.ಕೆ. ಪ್ರಸಾದ್ ಕ್ಯಾಮರಾ ಹಿಡಿದರು, ಆರ್.ಎನ್. ಜಯಗೋಪಾಲ್ ಹಾಡು ಬರೆದರು, ಆರ್.ಎನ್. ಸುದರ್ಶನ್ ನಟರಾದರು. 1961ರ ‘ವಿಜಯನಗರದ ವೀರಪುತ್ರ’ದಲ್ಲಿ ಅಪ್ಪ ನಿರ್ದೇಶಕ, ಸುದರ್ಶನ್ ನಾಯಕ. ಮುಂದೆ ಸುದರ್ಶನ್ ಕೈ ಹಿಡಿದ ಶೈಲಶ್ರೀ ಕೂಡ ನಟಿ. ಇದರ ಬಗ್ಗೆಯೇ ಬೇರೆ ಉಪನ್ಯಾಸ ಬೇಕು.

ಅರಕಲಗೂಡಿನವರು ಇಲ್ಲಿದ್ದೀರಿ, ಅ.ನ.ಕೃ. ಅವರನ್ನು ಬಿಟ್ಟರೆ ನೀವು ಬಿಡುವುದಿಲ್ಲ. ಹುಟ್ಟಿದ್ದು ಕೋಲಾರವಾದರೂ ಹೆಸರಿನ ಮೊದಲಕ್ಷರ ನಿಮ್ಮೂರಿನದು. ‘ನಟಸಾರ್ವಭೌಮ’ ಎಂದು ರಂಗನಟನ ಬದುಕಿನ ಮೇಲೆ ಕಾದಂಬರಿ ಬರೆದರು. ಗುಬ್ಬಿ ವೀರಣ್ಣನವರ 1942ರ ‘ಜೀವನ ನಾಟಕ’ ಚಿತ್ರಕ್ಕೆ ಬರೆದವರೂ ಅವರೇ. ಚನ್ನರಾಯಪಟ್ಟಣದವರು ಸಂತೇಶಿವರದ ಭೈರಪ್ಪನವರನ್ನು ನೆನೆಯಬೇಕು. ಅವರ ಕಾದಂಬರಿ ‘ವಂಶವೃಕ್ಷ’ ಸಿನಿಮಾ ಆದಾಗ ಅದರಿಂದ ತೆರೆಗೆ ಬಂದ ಹುಡುಗನೇ ವಿಷ್ಣುವರ್ಧನ್, ಎರಡು ವರ್ಷದಲ್ಲಿ ಅಯ್ಯುವಿನ ಎದುರು ಗುಳ್ಳನಾಗಿ ನಿಂತವರು. ಆ ಚಿತ್ರದಲ್ಲಿ ಎದುರುಬದುರಾದ ಇಬ್ಬರು ನಟರಲ್ಲಿ ಒಬ್ಬರಿಗೆ ಈ ಜಿಲ್ಲೆಯ ಕಾದಂಬರಿ ಬಾಗಿಲು ತೆರೆಯಿತು, ಇಬ್ಬರಿಗೂ ಈ ಜಿಲ್ಲೆಯ ಕಥೆ ಹೆಸರು ಕೊಟ್ಟಿತು. ಮೈಸೂರಿನ ಕಂಪನಿಗಳು ನಟರನ್ನು ಕೊಟ್ಟವು, ಹಾಸನ ಸೀಮೆ ಅವರ ಬಾಯಿಗೆ ಮನುಷ್ಯರ ಮಾತು ಕೊಟ್ಟಿತು. ಜಿಲ್ಲಾಭಿಮಾನದಿಂದ ಹೇಳಿದ್ದು ಅಂದುಕೊಂಡರೂ ಚಿಂತೆಯಿಲ್ಲ.

ಇನ್ನು ವಾರಸಿಕೆಯ ಮತ್ತೊಂದು ಕವಲು. ಈ ಸಭೆಯಲ್ಲೇ ಇಬ್ಬರೋ ಮೂವರೋ ದುರ್ಯೋಧನರು ಇದ್ದೀರಿ ಅನ್ನುವುದು ಮೀಸೆ ನೋಡಿದರೆ ಗೊತ್ತಾಗುತ್ತದೆ. ಕಂಪನಿಗಳು ಹೋದ ಮೇಲೂ ಅವುಗಳ ಮಟ್ಟುಗಳು ಹೋಗಲಿಲ್ಲ. ಕ್ಯಾಂಪು ಮುಗಿಸಿ ಕಂಪನಿ ಎದ್ದಾಗ ಹಾರ್ಮೋನಿಯಂ ನುಡಿಸುವವನೊಬ್ಬ ಊರಲ್ಲೇ ಉಳಿದು ಡ್ರಾಮಾ ಮೇಷ್ಟ್ರಾಗುವುದು ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ನಡೆದದ್ದು. ಸುಗ್ಗಿ ಮುಗಿಸಿದ ಮೇಲೆ ‘ಕುರುಕ್ಷೇತ್ರ’ ಕಲಿಯುವುದು, ಡ್ರಾಮಾ ಸೀನರಿಯವರಿಂದ ಪರದೆ, ಉಡುಪು ಬಾಡಿಗೆಗೆ ತರುವುದು, ಹಾಸನಾಂಬ ಕಲಾಕ್ಷೇತ್ರದಲ್ಲೋ ಊರ ದೇವಸ್ಥಾನದ ಎದುರೋ ರಾತ್ರಿಯಿಡೀ ಆಡುವುದು. ಕಂಪನಿಯಲ್ಲಿ ನಟನಿಗೆ ಸಂಬಳ ಕೊಡುತ್ತಿದ್ದರು. ನಮ್ಮ ಹಳ್ಳಿಯ ನಾಟಕದಲ್ಲಿ ನಟನೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸಿ ಸಂಭಾವನೆ ಕೊಡುತ್ತಾರೆ, ನಟರಲ್ಲಿ ಅವರಷ್ಟೇ ಅಲ್ಲಿ ವೃತ್ತಿಯವರು. ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡ್ ಬಂದಿದೆ, ಅದರ ಗದ್ದಲ ನನಗೆ ಇಷ್ಟವಿಲ್ಲ. ಆದರೂ ಕಂದಪದ್ಯವನ್ನು ಶ್ರುತಿ ಏರಿಸಿ ಹಿಡಿದು, ತಾಯಿಯ ಕಡೆಯೋ ತಂದೆಯ ಕಡೆಯೋ ಯಾವ ನಟನ ನಂಟೂ ಇಲ್ಲದ ರೈತನೊಬ್ಬ ನಿಂತಾಗ ನನಗೆ ಅಲ್ಲಿ ಸುಬ್ಬಯ್ಯ ನಾಯ್ಡು ಅವರ ಕಾಲದ ಧಾಟಿ ಕೇಳಿಸುತ್ತದೆ. ಮಗ ಬಿಟ್ಟ ಕಂಠ ಹೊಳೆಸಾಲಿನ ಹೊಲಗಳಲ್ಲಿ ಉಳಿದುಕೊಂಡಿದೆ.

ಕೊನೆಯದಾಗಿ ಒಂದು ಕೋರಿಕೆ. ಕನ್ನಡದ ಮೊದಲ ಟಾಕಿಯನ್ನು ನಾವು ಕಳೆದುಕೊಂಡಿದ್ದೇವೆ. ಅದಕ್ಕೆ ಯಾರನ್ನು ದೂರಿದರೂ ಈಗ ಫಲವಿಲ್ಲ. ಕಂಪನಿ ನಾಟಕಗಳ ಕಾಗದಪತ್ರ ಮಾತ್ರ ಪೂರಾ ಹೋಗಿಲ್ಲ. ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಕಿರಾಣಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕದ ನಡುವೆ ಹಾಸನದಲ್ಲೋ ಹೊಳೆನರಸೀಪುರದಲ್ಲೋ ಕ್ಯಾಂಪು ಹಾಕಿದ್ದ ಕಂಪನಿಯ ಹ್ಯಾಂಡ್‌ಬಿಲ್, ಹಾಡಿನ ಪುಸ್ತಕ, ಬೆನಿಫಿಟ್ ನಾಟಕದ ಟಿಕೆಟ್ಟು, ವೇಷ ಹಾಕಿ ತೆಗೆಸಿದ ಫೋಟೋ ಇರಬಹುದು. ಡ್ರಾಮಾ ಮೇಷ್ಟ್ರುಗಳ ಮನೆಯಲ್ಲಿ ಮಟ್ಟು ಬರೆದಿಟ್ಟ ನೋಟ್‌ಬುಕ್ಕುಗಳು ಇದ್ದೇ ಇರುತ್ತವೆ. ಅವನ್ನು ಯಾರಿಗೂ ಕೊಟ್ಟುಬಿಡಬೇಡಿ, ಮಾರಬೇಡಿ. ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ತಂದು ಸ್ಕ್ಯಾನ್ ಮಾಡಿಸಿ ವಾಪಸ್ಸು ಒಯ್ಯಿರಿ. ಫೋಟೋದ ಹಿಂದೆ ಅದರಲ್ಲಿರುವವರ ಹೆಸರು, ಊರು, ಪಾತ್ರ ಬರೆದಿಡಿ, ಅದರಲ್ಲೂ ಸ್ತ್ರೀಪಾತ್ರ ಮಾಡಿದವರ ಹೆಸರನ್ನು ಮರೆಯದೆ ಬರೆಯಿರಿ. ಮೇಷ್ಟ್ರು ಇನ್ನೂ ಹಾಡಬಲ್ಲವರಾಗಿದ್ದರೆ ಈ ಸುಗ್ಗಿಯೊಳಗೆ ಅವರ ಎದುರು ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ.